ಎಸ್ಸೆಸ್ಸೆಲ್ಸಿ ಆಯ್ತು, ಮುಂದೆ ಯಾವ ಕಾಂಬಿನೇಷನ್? ಹಂತ ಹಂತವಾಗಿ ನಿರ್ಧರಿಸುವ ಬಗೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಅಚ್ಚಿನವು. ‘ಮಗಳಿಗೆ 560 ಬಂದಿದೆ, ಸೈನ್ಸ್ ಕೊಡಿಸದಿದ್ದರೆ ತಪ್ಪಾಗುತ್ತಾ?’ ‘ಮಗನಿಗೆ ಗಣಿತ ಅಂದ್ರೆ ಆಗಲ್ಲ, ಆದ್ರೂ ಡಾಕ್ಟರ್ ಆಗ್ತೀನಿ ಅಂತಾನೆ, ದಾರಿ ಇದೆಯಾ?’ ‘ಡಿಪ್ಲೊಮಾ ಸೇರಿಸಿದ್ರೆ ಮುಂದೆ ಬಿಇ ಸಿಗುತ್ತಾ?’ ‘ಆರ್ಟ್ಸ್ ತಗೊಂಡ್ರೆ ಕೆಲಸ ಎಲ್ಲಿ ಸಾರ್?’ ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಇದು ರಾಜ್ಯ ಪಠ್ಯಕ್ರಮದಲ್ಲಿ ಹತ್ತನೇ ತರಗತಿ ಮುಗಿಸಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಸಿಬಿಎಸ್‌ಇ, ಐಸಿಎಸ್‌ಇಯಿಂದ ಪಿಯುಸಿಗೆ ಬರುವವರಿಗೂ ಬಹುಪಾಲು ಹೊಂದುತ್ತದೆ.

ಹದಿನಾರರ ಮಗುವನ್ನು ‘ಮುಂದೆ ಏನಾಗ್ತೀಯ?’ ಎಂದು ಕೇಳಿ, ಬಂದ ಉತ್ತರವನ್ನೇ ನಂಬಿ ಕಾಂಬಿನೇಷನ್ ಆರಿಸಬೇಡಿ. ಆ ಉತ್ತರ ಎರಡು ವರ್ಷದಲ್ಲಿ ಬದಲಾಗುವ ಸಾಧ್ಯತೆಯೇ ಹೆಚ್ಚು. ಮನೆಯವರೆಲ್ಲ ಕೂತು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ: ಈ ನಾಲ್ಕು ವಿಷಯ ತೆಗೆದುಕೊಂಡರೆ ಯಾವ ಯಾವ ಕೋರ್ಸ್ ಕೈತಪ್ಪುತ್ತವೆ? ಹಾಗೆ ಕೈತಪ್ಪಿದರೆ ನಮಗೆ ಪರವಾಗಿಲ್ಲವೇ? ಕೆಳಗಿನ ಹಂತಗಳೆಲ್ಲ ಈ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೇ ಇವೆ.

ಮೊದಲು ಕೈಯಲ್ಲಿ ಇರಬೇಕಾದ್ದು: ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಎಂಟು ಮತ್ತು ಒಂಬತ್ತನೇ ತರಗತಿಯ ಪ್ರಗತಿಪತ್ರ, ಒಂದು ಖಾಲಿ ಹಾಳೆ, ವರ್ಷಕ್ಕೆ ಇಷ್ಟು ಖರ್ಚು ಮಾಡಬಲ್ಲೆವು ಎಂಬ ಪ್ರಾಮಾಣಿಕ ಲೆಕ್ಕ. ಆ ಲೆಕ್ಕವನ್ನು ಮಕ್ಕಳಿಂದ ಮುಚ್ಚಿಡಬೇಡಿ. ಅವರಿಗೆ ಅರ್ಥವಾಗುತ್ತದೆ.

ಹಂತ 1: ಎಷ್ಟು ದಾರಿಗಳಿವೆ ಎಂದು ತಿಳಿದುಕೊಳ್ಳಿ

ಹತ್ತನೇ ತರಗತಿಯ ನಂತರ ಎಂದರೆ ಪಿಯುಸಿ ಎಂದಷ್ಟೇ ನಮ್ಮಲ್ಲಿ ರೂಢಿ. ಹಾಳೆಯ ಮೇಲೆ ಮೂರು ಸಾಲು ಬರೆಯಿರಿ.

ಮೊದಲನೆಯದು ಪಿಯುಸಿ. ಎರಡು ವರ್ಷ, ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ದ್ವಿತೀಯ ಪಿಯುಸಿಯಲ್ಲಿ ಒಟ್ಟು 600 ಅಂಕ. ಆ ನಾಲ್ಕು ವಿಷಯಗಳ ಗುಂಪನ್ನೇ ಕಾಂಬಿನೇಷನ್ ಎನ್ನುವುದು. ವಿಷಯಗಳ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರ ಸೇರಿಸಿ ಪಿಸಿಎಂಬಿ, ಎಚ್‌ಇಬಿಎ ಎಂದೆಲ್ಲ ಕರೆಯುತ್ತಾರೆ.

ಎರಡನೆಯದು ಪಾಲಿಟೆಕ್ನಿಕ್ ಡಿಪ್ಲೊಮಾ. ಮೂರು ವರ್ಷ, ಆರು ಸೆಮಿಸ್ಟರ್. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕಂಪ್ಯೂಟರ್ ಸೈನ್ಸ್ ಮುಂತಾದ ಶಾಖೆಗಳಿವೆ. ಟೂಲ್ ಅಂಡ್ ಡೈ ಕಲಿಸುವ ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವೂ ಇದೇ ಸಾಲಿಗೆ ಬರುತ್ತದೆ. ಅಲ್ಲಿ ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ.

ಮೂರನೆಯದು ಐಟಿಐ. ಒಂದು ಅಥವಾ ಎರಡು ವರ್ಷ. ಇಲ್ಲಿ ಕಲಿಯುವ ಕಸುಬಿಗೆ ಟ್ರೇಡ್ ಎನ್ನುತ್ತಾರೆ. ಎಲೆಕ್ಟ್ರಿಷಿಯನ್, ಫಿಟ್ಟರ್ ಎರಡು ವರ್ಷದವು, ವೆಲ್ಡರ್ ಒಂದು ವರ್ಷದ್ದು.

ಒಂದೊಂದು ಸಾಲಿನ ಮುಂದೆಯೂ ಮಗುವಿನ ಅಭಿಪ್ರಾಯ ಬರೆಸಿ. ‘ಗೊತ್ತಿಲ್ಲ’ ಎಂದು ಬರೆದರೂ ಸರಿ. ‘ಅದೆಲ್ಲ ನಮಗಲ್ಲ’ ಎಂದು ನೀವೇ ಸಾಲು ಹೊಡೆದು ಹಾಕುವುದು ಈ ಹಂತದಲ್ಲಿ ಬೇಡ.

ಹಂತ 2: ಅಂಕಪಟ್ಟಿಯ ಒಟ್ಟು ಮೊತ್ತ ಬಿಟ್ಟು ಉಳಿದದ್ದನ್ನು ಓದಿ

625ಕ್ಕೆ ಎಷ್ಟು ಎಂಬುದು ನೆಂಟರಿಗೆ ಹೇಳಲಿಕ್ಕೆ ಸಾಕು, ಕಾಂಬಿನೇಷನ್ ಆರಿಸಲಿಕ್ಕೆ ಸಾಲದು. ಮೂರು ಭಾಷೆಗಳೇ 325 ಅಂಕ ಹಿಡಿದುಕೊಂಡಿರುತ್ತವೆ, ಅದರಲ್ಲಿ ಪ್ರಥಮ ಭಾಷೆಯೊಂದಕ್ಕೇ 125. ಭಾಷೆ ಮತ್ತು ಸಮಾಜ ವಿಜ್ಞಾನದ ಬಲದಿಂದ 560 ದಾಟಿದ ಮಗುವಿಗೂ, ಗಣಿತ ಮತ್ತು ವಿಜ್ಞಾನದ ಬಲದಿಂದ ದಾಟಿದ ಮಗುವಿಗೂ ಹೊಂದುವ ಓದು ಬೇರೆ.

ಆಂತರಿಕ ಮೌಲ್ಯಮಾಪನದ 20 ಅಂಕವನ್ನು ಬದಿಗಿಟ್ಟು, ಲಿಖಿತ ಪರೀಕ್ಷೆಯ 80ಕ್ಕೆ ಎಷ್ಟು ಬಂದಿದೆ ನೋಡಿ. ಆಂತರಿಕ ಅಂಕ ಬಹುತೇಕ ಎಲ್ಲರಿಗೂ ಚೆನ್ನಾಗಿಯೇ ಇರುತ್ತದೆ. ನಂತರ ಎಂಟು ಮತ್ತು ಒಂಬತ್ತನೇ ತರಗತಿಯ ಗಣಿತದ ಅಂಕ ನೋಡಿ. ಹತ್ತರಲ್ಲಿ ಮಾತ್ರ ಏರಿದ್ದರೆ ಅದು ಟ್ಯೂಷನ್ ಮತ್ತು ಮಾದರಿ ಪ್ರಶ್ನೆಪತ್ರಿಕೆಗಳ ಫಲ ಇರಬಹುದು. ಮೂರು ವರ್ಷವೂ ಒಂದೇ ಮಟ್ಟದಲ್ಲಿದ್ದರೆ ಅದು ಮಗುವಿನ ಸ್ವಂತ ಬಲ. ವಿಜ್ಞಾನ ವಿಭಾಗದ ಮಟ್ಟಿಗೆ ನಾನು ಹೆಚ್ಚು ನಂಬುವ ಸೂಚನೆ ಗಣಿತವೇ. ಪ್ರಥಮ ಪಿಯುಸಿಯ ಭೌತಶಾಸ್ತ್ರದಲ್ಲಿ ಮಕ್ಕಳು ಕುಸಿಯುವುದು ಹೆಚ್ಚಾಗಿ ಅದರೊಳಗಿನ ಗಣಿತದ ಕಾರಣಕ್ಕೆ.

ಇನ್ನೂ ಒಂದು ಪರೀಕ್ಷೆ ಇದೆ, ಖರ್ಚಿಲ್ಲದ್ದು. ಪಿಯುಸಿ ವಿಜ್ಞಾನದ ವಿಷಯಗಳಿಗೆ ನಮ್ಮಲ್ಲಿ ಎನ್‌ಸಿಇಆರ್‌ಟಿ ಪಠ್ಯವೇ ಇರುವುದು, ಅದರ ಜಾಲತಾಣದಲ್ಲಿ ಉಚಿತವಾಗಿ ಇಳಿಸಿಕೊಳ್ಳಬಹುದು. ಹನ್ನೊಂದನೇ ತರಗತಿಯ ಭೌತಶಾಸ್ತ್ರ, ಲೆಕ್ಕಶಾಸ್ತ್ರ, ರಾಜ್ಯಶಾಸ್ತ್ರ ಈ ಮೂರರಿಂದ ಒಂದೊಂದು ಅಧ್ಯಾಯ ಆರಿಸಿ, ರಜೆಯಲ್ಲಿ ಒಂದು ವಾರ ಮಗು ತಾನೇ ಓದಲಿ. ಅರ್ಥವಾಗುವುದು ಬಿಡುವುದು ಆಮೇಲಿನ ಮಾತು. ಯಾವ ಪುಸ್ತಕವನ್ನು ಹೇಳಿಸಿಕೊಳ್ಳದೆ ಮತ್ತೆ ತೆರೆಯುತ್ತದೆ ಎಂಬುದನ್ನು ಮಾತ್ರ ಗಮನಿಸಿ.

ಎಚ್ಚರಿಕೆ: ‘ಫ್ರೆಂಡ್ಸ್ ಎಲ್ಲ ಅಲ್ಲೇ ಸೇರ್ತಿದಾರೆ’ ಎಂಬ ಕಾರಣ ಈ ವಯಸ್ಸಿನಲ್ಲಿ ತುಂಬ ಬಲವಾದದ್ದು. ಮಕ್ಕಳು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಗದರದೆ ಕೇಳಿ.

ಹಂತ 3: ಕೋರ್ಸಿನಿಂದ ಹಿಂದಕ್ಕೆ ಬನ್ನಿ

ಇದೇ ಮುಖ್ಯ ಹಂತ, ಸಮಯ ಕೊಡಿ. ಮಗುವಿಗೆ ಸ್ವಲ್ಪವಾದರೂ ಕುತೂಹಲ ಇರುವ ನಾಲ್ಕೈದು ಕೋರ್ಸ್ ಬರೆದುಕೊಂಡು, ಒಂದೊಂದಕ್ಕೂ ಪಿಯುಸಿಯಲ್ಲಿ ಯಾವ ವಿಷಯ ಕಡ್ಡಾಯ ಎಂದು ಎದುರಿಗೆ ಬರೆಯಿರಿ. ಹೆಚ್ಚು ಜನ ಕೇಳುವವುಗಳ ವಿವರ ಇಲ್ಲಿದೆ.

ಎಂಬಿಬಿಎಸ್, ಬಿಡಿಎಸ್, ಆಯುರ್ವೇದ, ಹೋಮಿಯೋಪಥಿ: ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು. ಪ್ರವೇಶಕ್ಕೆ ನೀಟ್ ಬರೆಯಬೇಕು, ಒಟ್ಟು 720 ಅಂಕ, ತಪ್ಪು ಉತ್ತರಕ್ಕೆ ಅಂಕ ಕಡಿತ ಉಂಟು. ಗಣಿತ ಕಡ್ಡಾಯವಲ್ಲ. ಗಣಿತ ಆಗದ ಮಗನ ಪ್ರಶ್ನೆಗೆ ಉತ್ತರ ಇಷ್ಟು: ನಿಯಮದ ಪ್ರಕಾರ ದಾರಿ ಇದೆ, ಆದರೆ ನೀಟ್‌ನ ಭೌತಶಾಸ್ತ್ರದಲ್ಲಿ ಲೆಕ್ಕಗಳೇ ಜಾಸ್ತಿ. ಗಣಿತ ಬಿಟ್ಟರೂ ಗಣಿತ ಅವನನ್ನು ಬಿಡುವುದಿಲ್ಲ.

ಎಂಜಿನಿಯರಿಂಗ್: ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ, ಜೊತೆಗೆ ರಸಾಯನಶಾಸ್ತ್ರ ಅಥವಾ ಗೊತ್ತುಪಡಿಸಿದ ಇನ್ನೊಂದು ವಿಜ್ಞಾನ ವಿಷಯ. ರಾಜ್ಯದ ಸೀಟುಗಳಿಗೆ ಸಿಇಟಿ. ಅದನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ, ಎಲ್ಲರೂ ಕೆಇಎ ಎನ್ನುವುದು ಇದನ್ನೇ. ಐಐಟಿ, ಎನ್‌ಐಟಿಗೆ ಜೆಇಇ.

ಬಿಎಸ್ಸಿ ಕೃಷಿ, ತೋಟಗಾರಿಕೆ, ಅರಣ್ಯ, ಪಶುವೈದ್ಯಕೀಯ: ಜೀವಶಾಸ್ತ್ರ ಇರಲೇಬೇಕು. ರೈತ ಕುಟುಂಬದ ಮಕ್ಕಳಿಗೆ ಕೃಷಿಕರ ಕೋಟಾ ಇದೆ, ಅದಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ. ಹಳ್ಳಿಯಿಂದ ಬಂದು, ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್ ಇರುವ ಪಿಸಿಎಂಸಿ ಸೇರಿ, ಎರಡು ವರ್ಷದ ಮೇಲೆ ‘ಅಗ್ರಿ ಸಿಗುತ್ತಾ?’ ಎಂದು ಕೇಳುವವರು ಪ್ರತಿವರ್ಷ ಇರುತ್ತಾರೆ. ಜೀವಶಾಸ್ತ್ರ ಇಲ್ಲದಿದ್ದರೆ ಸಿಗುವುದಿಲ್ಲ.

ಬಿ.ಫಾರ್ಮಾ: ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆ ಗಣಿತ ಅಥವಾ ಜೀವಶಾಸ್ತ್ರ, ಎರಡರಲ್ಲಿ ಒಂದಿದ್ದರೆ ಸಾಕು. ಬಿಎಸ್ಸಿ ನರ್ಸಿಂಗ್‌ಗೆ ಜೀವಶಾಸ್ತ್ರ ಬೇಕು.

ಆರ್ಕಿಟೆಕ್ಚರ್: ಭೌತಶಾಸ್ತ್ರ ಮತ್ತು ಗಣಿತ ಬೇಕು, ಜೊತೆಗೆ ನಾಟಾ ಎಂಬ ಅಭಿರುಚಿ ಪರೀಕ್ಷೆ. ಚಿತ್ರಕಲೆ ಚೆನ್ನಾಗಿದೆ ಎಂದು ಆರ್ಟ್ಸ್ ಸೇರಿಸಿದರೆ ಈ ಕೋರ್ಸ್ ತಪ್ಪುತ್ತದೆ. ಅದೇ ಚಿತ್ರಕಲೆಯ ಆಸಕ್ತಿಗೆ ಡಿಸೈನ್ ಕೋರ್ಸ್‌ಗಳಿವೆ. ಎನ್‌ಐಡಿ, ನಿಫ್ಟ್‌ನ ಬಿ.ಡಿಸೈನ್‌ಗೆ ಯಾವ ವಿಭಾಗದವರಾದರೂ ಪರೀಕ್ಷೆ ಬರೆಯಬಹುದು.

ಸಿಎ, ಕಂಪನಿ ಸೆಕ್ರೆಟರಿ: ಯಾವ ವಿಭಾಗದಿಂದ ಬಂದರೂ ಆದೀತು. ಕಾಮರ್ಸ್ ಓದಿದ್ದರೆ ಮೊದಲ ಹಂತ ಹಗುರ.

ಐದು ವರ್ಷದ ಕಾನೂನು ಪದವಿ, ಬಿಎ, ಪತ್ರಿಕೋದ್ಯಮ, ಹೋಟೆಲ್ ಮ್ಯಾನೇಜ್‌ಮೆಂಟ್: ಯಾವ ವಿಭಾಗವಾದರೂ ಸರಿ. ರಾಷ್ಟ್ರೀಯ ಕಾನೂನು ಶಾಲೆಗಳಿಗೆ ಕ್ಲಾಟ್ ಪರೀಕ್ಷೆ.

ಎನ್‌ಡಿಎ, ಅಂದರೆ ಸೇನಾಧಿಕಾರಿಗಳನ್ನು ತರಬೇತುಗೊಳಿಸುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ: ಭೂಸೇನೆಗೆ ಯಾವ ವಿಭಾಗವಾದರೂ ಆಗುತ್ತದೆ. ವಾಯುಪಡೆ ಮತ್ತು ನೌಕಾಪಡೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕು.

ಐಎಎಸ್, ಕೆಎಎಸ್: ಯಾವುದಾದರೂ ಪದವಿ ಸಾಕು. ‘ಐಎಎಸ್‌ಗೆ ಯಾವ ಕಾಂಬಿನೇಷನ್?’ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಮಗು ಚೆನ್ನಾಗಿ ಓದಬಲ್ಲ ವಿಷಯವೇ ಅದಕ್ಕೆ ಕಾಂಬಿನೇಷನ್.

ಈ ಪಟ್ಟಿಯನ್ನು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ವಿಜ್ಞಾನದಿಂದ ಕಾಮರ್ಸ್, ಆರ್ಟ್ಸ್ ಕಡೆ ಹೋಗಬಹುದು, ಅಲ್ಲಿಂದ ವಿಜ್ಞಾನಕ್ಕೆ ಬರಲಾಗದು. ಪೇಟೆಯ ಏಕಮುಖ ರಸ್ತೆಯ ಹಾಗೆ. ‘ಹಾಗಾದರೆ ಎಲ್ಲರೂ ಸೈನ್ಸೇ ತಗೊಳ್ಳಲಿ, ಯಾವುದೂ ತಪ್ಪುವುದಿಲ್ಲವಲ್ಲ’ ಎಂಬ ವಾದ ಹುಟ್ಟುವುದು ಇಲ್ಲೇ. ಕೇಳಲು ಸರಿ ಅನಿಸುತ್ತದೆ. ಆದರೆ ಅರ್ಥವಾಗದ ವಿಷಯದಲ್ಲಿ ಎರಡು ವರ್ಷ ಒದ್ದಾಡಿ 45 ಪರ್ಸೆಂಟ್ ತೆಗೆದ ಮಗುವಿಗೆ ಒಳ್ಳೆಯ ಬಿಕಾಂ ಕಾಲೇಜು, ಒಳ್ಳೆಯ ಕಾನೂನು ಕಾಲೇಜು ಸುಲಭಕ್ಕೆ ಸಿಗುವುದಿಲ್ಲ. ಜೊತೆಗೆ ‘ನನಗೆ ಓದು ಬರಲ್ಲ’ ಎಂಬ ಭಾವನೆ ಬೇರೆ ಅಂಟಿಕೊಳ್ಳುತ್ತದೆ. ಸೀಟು ಸಿಗಲು ಅರ್ಹತೆಯಷ್ಟೇ ಅಂಕವೂ ಬೇಕೆಂಬುದು ಈ ಲೆಕ್ಕದಲ್ಲಿ ಬಿಟ್ಟುಹೋಗಿರುತ್ತದೆ.

ಅರ್ಹತೆಯ ನಿಯಮಗಳು ಆಗಾಗ ತಿದ್ದುಪಡಿಯಾಗುತ್ತವೆ. ಆಯಾ ವರ್ಷ ಕೆಇಎ ಪ್ರಕಟಿಸುವ ಮಾಹಿತಿ ಪುಸ್ತಿಕೆಯನ್ನು ಇಳಿಸಿಕೊಂಡು ಅರ್ಹತೆಯ ಪುಟಗಳನ್ನಾದರೂ ಓದಿ. ಪಕ್ಕದ ಮನೆಯ ಹುಡುಗನಿಗೆ ಮೂರು ವರ್ಷದ ಹಿಂದೆ ಆದದ್ದು ಈ ವರ್ಷದ ನಿಯಮವಾಗಿರಬೇಕಿಲ್ಲ.

ಹಂತ 4: ಸೈನ್ಸ್ ಎಂದಾದರೆ ಯಾವ ನಾಲ್ಕು?

ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಸಾಮಾನ್ಯ. ನಾಲ್ಕನೆಯದು ಜೀವಶಾಸ್ತ್ರವಾದರೆ ಪಿಸಿಎಂಬಿ, ಕಂಪ್ಯೂಟರ್ ಸೈನ್ಸ್ ಆದರೆ ಪಿಸಿಎಂಸಿ, ಎಲೆಕ್ಟ್ರಾನಿಕ್ಸ್ ಆದರೆ ಪಿಸಿಎಂಇ, ಸಂಖ್ಯಾಶಾಸ್ತ್ರವಾದರೆ ಪಿಸಿಎಂಎಸ್.

ವೈದ್ಯಕೀಯ, ಕೃಷಿ, ಪಶುವೈದ್ಯಕೀಯ, ನರ್ಸಿಂಗ್ ಈ ನಾಲ್ಕರಲ್ಲಿ ಒಂದರ ಬಗ್ಗೆಯಾದರೂ ಆಸೆ ಇದ್ದರೆ ಪಿಸಿಎಂಬಿ. ನಾಲ್ಕೂ ಬೇಡ ಎಂದು ಖಚಿತವಿದ್ದರೆ ಪಿಸಿಎಂಸಿ ಅಥವಾ ಪಿಸಿಎಂಎಸ್. ‘ಸುಮ್ಮನೆ ಇರಲಿ’ ಎಂದು ಜೀವಶಾಸ್ತ್ರ ತೆಗೆದುಕೊಳ್ಳಬೇಡಿ, ಓದಲು ಬಹಳ ಇರುವ ವಿಷಯ ಅದು. ಚಿತ್ರ ಬರೆಯುವುದು, ಹೆಸರುಗಳನ್ನು ನೆನಪಿಡುವುದು ಇಷ್ಟವಿಲ್ಲದವರಿಗೆ ಭಾರ. ಇನ್ನೊಂದು ಗಮನಿಸಿ: ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದದಿದ್ದರೆ ಕಂಪ್ಯೂಟರ್ ಎಂಜಿನಿಯರಿಂಗ್ ಸಿಗುವುದಿಲ್ಲ ಎಂಬ ನಂಬಿಕೆ ತಪ್ಪು. ಪಿಸಿಎಂಬಿ ಓದಿದವರೂ ಸೇರುತ್ತಾರೆ. ಸಂಖ್ಯಾಶಾಸ್ತ್ರವನ್ನು ಯಾಕೋ ನಮ್ಮವರು ಮರೆತೇಬಿಟ್ಟಿದ್ದಾರೆ. ನಿಮ್ಮ ಊರಿನ ಕಾಲೇಜಿನಲ್ಲಿ ಅದಿದ್ದು, ಮಗುವಿಗೆ ಗಣಿತ ಇಷ್ಟವಿದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ.

ಸಿಇಟಿಯ ಲೆಕ್ಕ ಈಗಲೇ ತಿಳಿದಿರಲಿ. ಒಂದೊಂದು ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ, ತಪ್ಪಿಗೆ ಕಡಿತವಿಲ್ಲ. ಎಂಜಿನಿಯರಿಂಗ್ ರ‍್ಯಾಂಕ್‌ಗೆ ಸಿಇಟಿ ಅಂಕ ಅರ್ಧ, ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಇನ್ನರ್ಧ. ‘ಬೋರ್ಡ್ ಪರೀಕ್ಷೆ ಪಾಸಾದರೆ ಸಾಕು, ಕೋಚಿಂಗ್ ಮುಖ್ಯ’ ಎಂದು ಹೇಳುವವರ ಮುಂದೆ ಈ ಲೆಕ್ಕ ಇಡಿ.

ಹಂತ 5: ಕಾಮರ್ಸ್ ಎಂದಾದರೆ

ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಮೂರೂ ಸಾಮಾನ್ಯ. ಇತಿಹಾಸ ಸೇರಿದರೆ ಎಚ್‌ಇಬಿಎ, ಸಂಖ್ಯಾಶಾಸ್ತ್ರ ಸೇರಿದರೆ ಎಸ್‌ಇಬಿಎ, ಕಂಪ್ಯೂಟರ್ ಸೈನ್ಸ್ ಸೇರಿದರೆ ಸಿಇಬಿಎ. ಕೆಲವು ಕಾಲೇಜುಗಳಲ್ಲಿ ಬೇಸಿಕ್ ಮ್ಯಾಥ್ಸ್ ಎಂಬ ವಿಷಯವೂ ಸಿಗುತ್ತದೆ. ಅದು ವಿಜ್ಞಾನ ವಿಭಾಗದ ಗಣಿತಕ್ಕಿಂತ ಹಗುರ.

ಸಿಎ ಗುರಿ ಇದ್ದರೆ ಸಂಖ್ಯಾಶಾಸ್ತ್ರ ಅಥವಾ ಬೇಸಿಕ್ ಮ್ಯಾಥ್ಸ್ ಇರುವುದನ್ನೇ ಹುಡುಕಿ. ಸಿಎ ಫೌಂಡೇಷನ್‌ನ ನಾಲ್ಕು ಪತ್ರಿಕೆಗಳಲ್ಲಿ ಒಂದು ಪೂರ್ತಿ ಗಣಿತ, ತರ್ಕ, ಸಂಖ್ಯಾಶಾಸ್ತ್ರದ್ದೇ. ಪಾಸಾಗಲು ಪ್ರತಿ ಪತ್ರಿಕೆಯಲ್ಲಿ 40, ಒಟ್ಟಾರೆ ಶೇ 50 ಬೇಕು. ಗಣಿತ ಬೇಡವೆಂದು ಕಾಮರ್ಸ್‌ಗೆ ಬಂದವರು ಇಲ್ಲಿ ಎಡವುತ್ತಾರೆ. ಫೌಂಡೇಷನ್ ಬೇಡ ಎನ್ನುವವರು ಬಿಕಾಂ ಮುಗಿಸಿ, ಶೇ 55 ಅಂಕವಿದ್ದರೆ ನೇರವಾಗಿ ಇಂಟರ್‌ಮೀಡಿಯೆಟ್ ಹಂತಕ್ಕೆ ಸೇರಬಹುದು. ಅಲ್ಲಿಂದ ಮುಂದೆ ಎರಡು ವರ್ಷ ಆರ್ಟಿಕಲ್‌ಶಿಪ್ ಇರುತ್ತದೆ, ಅಂದರೆ ಸಿಎ ಒಬ್ಬರ ಕೈಕೆಳಗೆ ತರಬೇತಿ.

ಹಂತ 6: ಆರ್ಟ್ಸ್ ಎಂದಾದರೆ

ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಇರುವ ಎಚ್‌ಇಪಿಎಸ್ ಹೆಚ್ಚಿನ ಕಡೆ ಸಿಗುತ್ತದೆ. ಮನಃಶಾಸ್ತ್ರ, ಭೂಗೋಳ, ಶಿಕ್ಷಣಶಾಸ್ತ್ರ, ಐಚ್ಛಿಕ ಕನ್ನಡ ಕೆಲವು ಕಾಲೇಜುಗಳಲ್ಲಿ ಮಾತ್ರ.

‘ಬೇರೆಲ್ಲೂ ಸಿಗದವರು ಸೇರುವುದು’ ಎಂಬ ಮಾತಿನಿಂದ ಈ ವಿಭಾಗಕ್ಕೆ ಆದಷ್ಟು ಅನ್ಯಾಯ ಬೇರೆ ಯಾವುದಕ್ಕೂ ಆಗಿಲ್ಲ. ಓದುವ, ಬರೆಯುವ, ವಾದಿಸುವ ಗುಣವಿರುವ ಮಗು ಇಲ್ಲಿ ಅರಳುತ್ತದೆ. ಕಾನೂನು, ಪತ್ರಿಕೋದ್ಯಮ, ಸಮಾಜಕಾರ್ಯ, ಶಿಕ್ಷಕ ವೃತ್ತಿ, ಸ್ಪರ್ಧಾತ್ಮಕ ಪರೀಕ್ಷೆ ಎಲ್ಲಕ್ಕೂ ಇಲ್ಲಿಂದ ದಾರಿ ಇದೆ. ಆದರೆ ಒಂದು ಷರತ್ತು. ವಿಜ್ಞಾನ ಓದಿದವರಿಗೆ ಸಿಇಟಿ, ನೀಟ್ ತಾವಾಗಿಯೇ ಮುಂದಿನ ಗುರಿ ಹಾಕಿಕೊಡುತ್ತವೆ. ಆರ್ಟ್ಸ್‌ನಲ್ಲಿ ಹಾಗೆ ಯಾರೂ ದೂಡುವುದಿಲ್ಲ, ಗುರಿಯನ್ನು ತಾವೇ ಹಾಕಿಕೊಳ್ಳಬೇಕು. ಪ್ರಥಮ ಪಿಯುಸಿ ಮುಗಿಯುವ ಹೊತ್ತಿಗಾದರೂ ಯಾವ ಪದವಿ, ಯಾವ ಪ್ರವೇಶ ಪರೀಕ್ಷೆ ಎಂದು ಗೊತ್ತುಮಾಡಿಕೊಂಡು, ಇಂಗ್ಲಿಷ್ ಗಟ್ಟಿ ಮಾಡಿಕೊಳ್ಳಲಿ. ಕ್ಲಾಟ್ ಪೂರ್ತಿ ಇಂಗ್ಲಿಷ್‌ನಲ್ಲೇ ಇರುತ್ತದೆ.

ಶಿಕ್ಷಕರಾಗಬೇಕೆನ್ನುವವರಿಗೆ ಒಂದು ಮಾತು. ಪ್ರಾಥಮಿಕ ಶಾಲೆಗಾದರೆ ಪಿಯುಸಿ ನಂತರ ಎರಡು ವರ್ಷದ ಡಿ.ಇಎಲ್.ಇಡಿ. ಪ್ರೌಢಶಾಲೆಗೆ ಪದವಿ ಮತ್ತು ಬಿ.ಇಡಿ. ವಿಜ್ಞಾನ, ಗಣಿತದ ಶಿಕ್ಷಕರಾಗಬೇಕಿದ್ದರೆ ಪಿಯುಸಿಯಲ್ಲೇ ಆ ವಿಷಯ ಇರಬೇಕು, ಬಿಎಸ್ಸಿಗೆ ಅದಿಲ್ಲದೆ ಪ್ರವೇಶ ಇಲ್ಲ.

ಹಂತ 7: ಡಿಪ್ಲೊಮಾ, ಐಟಿಐಯನ್ನು ನಿಜವಾಗಿ ತೂಗಿ ನೋಡಿ

ಡಿಪ್ಲೊಮಾ ಮುಗಿಸಿದವರು ತಮಗೆಂದೇ ಇರುವ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಇದಕ್ಕೆ ಲ್ಯಾಟರಲ್ ಎಂಟ್ರಿ ಎನ್ನುತ್ತಾರೆ. ಪಿಯುಸಿ ಮಾಡಿ ಬಿಇ ಮುಗಿಸಲು ಆರು ವರ್ಷ, ಡಿಪ್ಲೊಮಾ ಮಾಡಿ ಬಿಇ ಮುಗಿಸಲೂ ಆರೇ ವರ್ಷ. ವ್ಯತ್ಯಾಸ ಇಷ್ಟೇ: ಮೂರು ವರ್ಷಕ್ಕೇ ಕೆಲಸಕ್ಕೆ ಸೇರಬೇಕಾದ ಪರಿಸ್ಥಿತಿ ಮನೆಯಲ್ಲಿ ಬಂದರೆ ಡಿಪ್ಲೊಮಾದವರ ಕೈಯಲ್ಲಿ ಒಂದು ವೃತ್ತಿ ಪ್ರಮಾಣಪತ್ರ ಇರುತ್ತದೆ. ಸರ್ಕಾರಿ ಇಲಾಖೆಗಳ ಕಿರಿಯ ಎಂಜಿನಿಯರ್ ಹುದ್ದೆಗೆ ಕೇಳುವ ವಿದ್ಯಾರ್ಹತೆಯೂ ಅದೇ.

ಕಷ್ಟಗಳೂ ಇವೆ. ಹದಿನಾರಕ್ಕೇ ಶಾಖೆ ಆರಿಸಬೇಕು. ನೀಟ್, ಕೃಷಿ ಪದವಿಯ ದಾರಿ ಅಲ್ಲಿಗೇ ಮುಗಿಯಿತು. ಗಣಿತ ತಪ್ಪಿಸಿಕೊಳ್ಳಲು ಡಿಪ್ಲೊಮಾ ಸೇರಿದವರು ಮೊದಲ ವರ್ಷದಲ್ಲೇ ಗಣಿತದಲ್ಲಿ ಬ್ಯಾಕ್‌ಲಾಗ್, ಅಂದರೆ ಪಾಸಾಗದೆ ಉಳಿದ ವಿಷಯ, ಹೊತ್ತುಕೊಂಡು ತಿರುಗುವುದನ್ನು ಕಾಣುತ್ತೇವೆ. ಯಂತ್ರ, ತಂತಿ, ಕಟ್ಟಡ ಇವುಗಳಲ್ಲಿ ಕೈಯಾಡಿಸುವ ಮಗುವಿಗೆ ಡಿಪ್ಲೊಮಾ ಕೊಡಿಸಿ. ಓದು ಕಡಿಮೆ ಎಂಬ ಕಾರಣಕ್ಕೆ ಬೇಡ.

ಐಟಿಐ ವಿಷಯದಲ್ಲಿ ಟ್ರೇಡೇ ಎಲ್ಲ. ಸೇರುವ ಮೊದಲು ಎರಡು ಸಂಗತಿ ವಿಚಾರಿಸಿ: ಆ ಸಂಸ್ಥೆಯ ಆ ಟ್ರೇಡಿಗೆ ಎನ್‌ಸಿವಿಟಿ, ಅಂದರೆ ರಾಷ್ಟ್ರೀಯ ವೃತ್ತಿ ತರಬೇತಿ ಮಂಡಳಿಯ ಮಾನ್ಯತೆ ಇದೆಯೇ, ಮತ್ತು ಯಂತ್ರಗಳು ಕೆಲಸ ಮಾಡುತ್ತಿವೆಯೇ. ಎರಡನೆಯದನ್ನು ಕಣ್ಣಾರೆ ನೋಡಿ, ಫೋಟೊ ನಂಬಬೇಡಿ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಮೇಲ್ದರ್ಜೆಗೇರಿಸಲಾಗಿದೆ, ನಿಮ್ಮ ತಾಲ್ಲೂಕಿನದು ಅದರಲ್ಲಿದೆಯೇ ಕೇಳಿ. ಐಟಿಐ ನಂತರ ಅಪ್ರೆಂಟಿಸ್ ತರಬೇತಿಗೆ ಎಚ್‌ಎಎಲ್, ರೈಲ್ವೆ ಮುಂತಾದವು ಕರೆಯುತ್ತವೆ. ರೈಲ್ವೆಯ ಸಹಾಯಕ ಲೋಕೊ ಪೈಲಟ್ ಹುದ್ದೆಗೆ ಗೊತ್ತುಪಡಿಸಿದ ಟ್ರೇಡ್‌ಗಳ ಐಟಿಐ ಸಾಕು. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾ ಎರಡನೇ ವರ್ಷಕ್ಕೂ ಸೇರಬಹುದು, ಅಲ್ಲಿಂದ ಬಿಇಗೆ ಹೋಗಲೂಬಹುದು.

ಹಂತ 8: ಕನ್ನಡ ಮಾಧ್ಯಮದ ಮಕ್ಕಳು ಗಮನಿಸಬೇಕಾದ್ದು

ಹತ್ತರವರೆಗೆ ಕನ್ನಡದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಬಂದವರಿಗೆ ಮೊದಲ ಕೆಲವು ತಿಂಗಳು ಕಷ್ಟ. ಅದು ಪದಗಳ ಕಷ್ಟ, ಬುದ್ಧಿಯದ್ದಲ್ಲ. ವೇಗೋತ್ಕರ್ಷ ಗೊತ್ತಿರುವ ಮಗು ‘ಆಕ್ಸಿಲರೇಷನ್’ ಎಂದಾಗ ತಬ್ಬಿಬ್ಬಾಗುತ್ತದೆ. ಬೇಸಿಗೆ ರಜೆಯಲ್ಲೇ ಹತ್ತನೇ ತರಗತಿಯ ವಿಜ್ಞಾನ, ಗಣಿತದ ಇಂಗ್ಲಿಷ್ ಪುಸ್ತಕವನ್ನು ಕನ್ನಡದ್ದರ ಪಕ್ಕ ಇಟ್ಟು ಓದಿಸಿ. ಪಾಠ ಗೊತ್ತಿರುವುದೇ, ಹಾಗಾಗಿ ಪದ ತಾನೇ ಹತ್ತುತ್ತದೆ. ನೀಟ್, ಜೆಇಇ ಮೇನ್ ಎರಡನ್ನೂ ಕನ್ನಡದಲ್ಲಿ ಬರೆಯುವ ಅವಕಾಶವೂ ಇದೆ.

ಸಿಇಟಿ ಸೀಟು ಹಂಚಿಕೆಯಲ್ಲಿ ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15 ಮೀಸಲಾತಿ ಇದೆ. ಹತ್ತೂ ವರ್ಷದ ದಾಖಲೆ ಬೇಕು. ಶಾಲೆ ಬದಲಿಸಿದ್ದರೆ ಪ್ರತಿ ಶಾಲೆಯಿಂದಲೂ ಪತ್ರ ತರಬೇಕು, ಬಿಇಒ ಮೇಲುಸಹಿ ಹಾಕಿಸಬೇಕು. ವರ್ಗಾವಣೆ ಪತ್ರ ತರಲು ಹೇಗೂ ಶಾಲೆಗೆ ಹೋಗುತ್ತೀರಿ, ಇದನ್ನೂ ಆಗಲೇ ಮುಗಿಸಿ.

ಹಂತ 9: ಕಾಲೇಜಿಗೆ ಹೋಗಿ ಕೇಳಬೇಕಾದ ಪ್ರಶ್ನೆಗಳು

ಕಾಂಬಿನೇಷನ್ ಮೊದಲು, ಕಾಲೇಜು ಆಮೇಲೆ. ಹೆಸರುವಾಸಿ ಕಾಲೇಜು ಎಂದು ಅಲ್ಲಿ ಉಳಿದಿದ್ದ ಕಾಂಬಿನೇಷನ್‌ಗೆ ಒಪ್ಪಿಕೊಳ್ಳುವುದು ನಮ್ಮಲ್ಲಿ ಆಗುವ ದೊಡ್ಡ ತಪ್ಪು.

ಪ್ರತಿ ವಿಷಯಕ್ಕೂ ಕಾಯಂ ಉಪನ್ಯಾಸಕರಿದ್ದಾರೆಯೇ, ಇಲ್ಲವೇ ಅತಿಥಿ ಉಪನ್ಯಾಸಕರು ಆಗಸ್ಟ್ ಹೊತ್ತಿಗೆ ಬರುತ್ತಾರೆಯೇ? ಪ್ರಯೋಗಾಲಯ ಬಳಕೆಯಲ್ಲಿದೆಯೇ? ಕಳೆದ ವರ್ಷ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ದ್ವಿತೀಯ ಪಿಯುಸಿ ಪರೀಕ್ಷೆ ಬರೆದರು? ಫ್ಲೆಕ್ಸಿನಲ್ಲಿರುವ ಹತ್ತು ಮುಖಗಳಿಗಿಂತ ಈ ಕೊನೆಯ ಪ್ರಶ್ನೆಯ ಉತ್ತರ ಹೆಚ್ಚು ಹೇಳುತ್ತದೆ. ಹೊರಗೆ ಬರುವಾಗ ಅಲ್ಲಿ ಓದುತ್ತಿರುವ ಒಬ್ಬರನ್ನಾದರೂ ಮಾತಾಡಿಸಿ.

ಇಂಟಿಗ್ರೇಟೆಡ್ ಎಂದರೆ ಪಿಯುಸಿ ಪಾಠದ ಜೊತೆಗೇ ನೀಟ್, ಜೆಇಇ ತರಬೇತಿ ಕೊಡುವ ವ್ಯವಸ್ಥೆ. ಇಂಥ ಕಡೆ ಎರಡು ವರ್ಷದ ಒಟ್ಟು ಶುಲ್ಕ, ಹಾಸ್ಟೆಲ್, ಪುಸ್ತಕ, ಪರೀಕ್ಷಾ ಸರಣಿ ಎಲ್ಲ ಸೇರಿ ಎಷ್ಟು ಎಂದು ಬರವಣಿಗೆಯಲ್ಲಿ ಕೇಳಿ. ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್ ಕೊಡುತ್ತಾರೆ ಎಂಬುದನ್ನೂ ಕೇಳಿ. ‘ಕಾಲೇಜಿಗೆ ಬರಬೇಕಿಲ್ಲ, ಹಾಜರಾತಿ ನಾವು ನೋಡಿಕೊಳ್ಳುತ್ತೇವೆ’ ಎನ್ನುವ ಕಡೆ ಸೇರಿಸಬೇಡಿ. ವಾರ್ಷಿಕ ಪರೀಕ್ಷೆಗೆ ಕೂರಲು ಶೇ 75 ಹಾಜರಾತಿ ಬೇಕು, ತೊಂದರೆಯಾದರೆ ಅನುಭವಿಸುವುದು ನಿಮ್ಮ ಮಗು.

ದೂರವನ್ನೂ ಲೆಕ್ಕ ಹಾಕಿ. ದಿನಕ್ಕೆ ಮೂರು ತಾಸು ಬಸ್ಸಿನಲ್ಲಿ ಕಳೆಯುವ ವಿದ್ಯಾರ್ಥಿಗೆ ವಿಜ್ಞಾನದ ಓದಿಗೆ ಉಳಿಯುವ ಸಮಯ ತೀರ ಕಮ್ಮಿ. ಮನೆಗೆ ಹತ್ತಿರದ ಸರ್ಕಾರಿ ಪಿಯು ಕಾಲೇಜಿನಲ್ಲಿ ಒಳ್ಳೆಯ ಉಪನ್ಯಾಸಕರಿದ್ದರೆ, ದೂರದ ದೊಡ್ಡ ಹೆಸರಿಗಿಂತ ನಾನು ಅದನ್ನೇ ಸೂಚಿಸುತ್ತೇನೆ.

ಹಂತ 10: ಕಾಗದಪತ್ರ

ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಈಗಲೇ ಮಾಡಿಸಿ. ಅದರ ಮೇಲಿರುವ ಆರ್‌ಡಿ ಸಂಖ್ಯೆಯನ್ನೇ ಮುಂದೆ ವಿದ್ಯಾರ್ಥಿವೇತನದ ಅರ್ಜಿಗೂ ಸಿಇಟಿ ಅರ್ಜಿಗೂ ಹಾಕಬೇಕು. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ, ಹಳೆಯದಿದ್ದರೆ ದಿನಾಂಕ ನೋಡಿಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ ಪತ್ರ ಮೂರರಲ್ಲೂ ಹೆಸರು ಒಂದೇ ರೀತಿ ಇರಬೇಕು. ‘ಕುಮಾರ’ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೂ ಅಲೆದಾಟ ತಪ್ಪದು.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರು, ಕಲ್ಯಾಣ ಕರ್ನಾಟಕದ ಸ್ಥಳೀಯರಿಗಿರುವ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಅದನ್ನು ಕೊಡುವುದು ಉಪವಿಭಾಗಾಧಿಕಾರಿ ಕಚೇರಿ, ಸಮಯ ಹಿಡಿಯುತ್ತದೆ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ, ಹಣ ಬರುವುದು ಮಗುವಿನ ಆಧಾರ್ ಜೋಡಣೆಯಾದ ಖಾತೆಗೆ. ಬ್ಯಾಂಕಿನಲ್ಲಿ ‘ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ?’ ಎಂದೇ ಕೇಳಿ. ‘ಆಧಾರ್ ಲಿಂಕ್ ಆಗಿದೆಯಾ?’ ಎಂದು ಕೇಳಿದರೆ ಹೌದು ಎನ್ನುತ್ತಾರೆ, ಆಮೇಲೆ ಹಣ ಬರುವುದಿಲ್ಲ.

ಎಲ್ಲ ಮೂಲ ದಾಖಲೆಗಳನ್ನೂ ಕಾಲೇಜಿಗೆ ಕೊಡುವ ಮೊದಲು ಸ್ಕ್ಯಾನ್ ಮಾಡಿಡಿ.

ಹಂತ 11: ಸೇರಿದ ಮೇಲಿನ ಮೊದಲ ತಿಂಗಳು

ಮಗು ಕಾಲೇಜಿಗೆ ಹೋಗಲು ಶುರುವಾದ ಮೇಲೆ ವಾರಕ್ಕೊಮ್ಮೆ ಕೂತು ಮಾತಾಡಿ. ‘ಹೇಗಿದೆ?’ ಎಂದರೆ ‘ಚೆನ್ನಾಗಿದೆ’ ಎಂದಷ್ಟೇ ಉತ್ತರ ಬರುತ್ತದೆ. ಈ ವಾರ ಯಾವ ಪಾಠ ಆಯ್ತು, ಯಾವುದು ಅರ್ಥವಾಗಲಿಲ್ಲ, ನೋಟ್ಸ್ ತೋರಿಸು ಎಂದು ಕೇಳಿ. ಇಂಗ್ಲಿಷ್‌ನ ತೊಡಕಾದರೆ ಕಾಲ ಕೊಡಿ, ಸರಿಹೋಗುತ್ತದೆ. ವಿಷಯವೇ ಬೇಡವಾಗಿದ್ದರೆ ಕಾಯಬೇಡಿ. ಪ್ರಥಮ ಪಿಯುಸಿ ದಾಖಲಾತಿಗೆ ಇಲಾಖೆ ಕೊನೆಯ ದಿನಾಂಕ ಗೊತ್ತುಮಾಡಿರುತ್ತದೆ. ಅದು ಮುಗಿಯುವ ಮೊದಲೇ ಪ್ರಾಂಶುಪಾಲರಿಗೆ ಬರವಣಿಗೆಯಲ್ಲಿ ಮನವಿ ಕೊಟ್ಟು, ಸೀಟು ಖಾಲಿ ಇದ್ದರೆ ಕಾಂಬಿನೇಷನ್ ಬದಲಿಸಿಕೊಳ್ಳಬಹುದು. ವಿದ್ಯಾರ್ಥಿಯ ವಿವರ ಇಲಾಖೆಯ ತಂತ್ರಾಂಶಕ್ಕೆ ಏರಿದ ಮೇಲೆ ಇದು ಕಷ್ಟ. ಹಾಗಾಗಿ ದಾಖಲಾತಿಯ ದಿನವೇ ಕಚೇರಿಯಲ್ಲಿ ಎರಡು ದಿನಾಂಕ ಕೇಳಿ ಬರೆದುಕೊಂಡು ಬನ್ನಿ: ಬದಲಾವಣೆಗೆ ಕೊನೆಯ ದಿನ ಯಾವುದು, ಮೊದಲ ಕಿರುಪರೀಕ್ಷೆ ಯಾವಾಗ.